ಗವಿ ನುಡಿವ ಸಾಕ್ಷ್ಯ

ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ನಿಂಬೆಯ ರಸ ಬಿದ್ದರೆ ಕಲೆಯುಳಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಸುಣ್ಣಕಲ್ಲು ಹುಳಿಗೆ ಕರಗುತ್ತದೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲ ವಾಯುವನ್ನು ಹೀರಿ, ತಾನೂ ತುಸು ಹುಳಿಯಾಗಿ, ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಸಹಸ್ರ ಸಹಸ್ರ ವರ್ಷಗಳಲ್ಲಿ ಗವಿಯನ್ನು ಕೊರೆಯುತ್ತದೆ.

ಹೀಗೆ ಕರಗುವ ಸುಣ್ಣವೇ ಮುಂದೆ ಕಾವಲಿಗೆ ನಿಲ್ಲುವುದು ಸೋಜಿಗ. ಆಮ್ಲಗುಣದ ಮಣ್ಣಿನಲ್ಲಿ ಎಲುಬು ಬಹುಕಾಲ ಬಾಳದು. ಸುಣ್ಣದ ಸಹವಾಸದಲ್ಲಿ ಅದು ಉಳಿಯುತ್ತದೆ. ಗವಿಯ ಸೂರಿನಿಂದ ತೊಟ್ಟಿಕ್ಕುವ ನೀರು ನೆಲದ ಮಣ್ಣಿನ ಮೇಲೆ ಸುಣ್ಣದ ಹೆಪ್ಪು ಕಟ್ಟಿ, ಕೆಳಗಿನ ಪದರಕ್ಕೆ ಮೊಹರು ಹಾಕಿದಂತೆ ಮಾಡುತ್ತದೆ.

ಇಂಥ ಗವಿಗಳು ನಮ್ಮ ಬಳ್ಳಾರಿಗೆ ನೆರೆಯದಾದ ಕರ್ನೂಲು ಸೀಮೆಯಲ್ಲಿವೆ. ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗವಿಗಳ ಎಲುಬುಗಳ ಕುರಿತು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿಯೇ ಬರೆದಿದ್ದನು. ಪಲ್ಲಾವರದಲ್ಲಿ 1863ರಲ್ಲಿ ಶಿಲಾಯುಧವನ್ನು ಕಂಡ ರಾಬರ್ಟ್ ಬ್ರೂಸ್ ಫೂಟ್ ಮತ್ತು ಆತನ ಮಗ ಹೆನ್ರಿ 1884-85ರಲ್ಲಿ ಅಲ್ಲಿ ಅಗೆಸಿದರು. ಘೇಂಡಾಮೃಗವೇ ಮೊದಲಾದ ಪ್ರಾಣಿಗಳ ಅವಶೇಷಗಳು ದೊರೆತವು. ಮನುಷ್ಯನು ಕೆತ್ತಿದಂತೆ ತೋರುವ ಎಲುಬಿನ ತುಂಡುಗಳೂ ದೊರೆತವು. ಆದರೆ ಜೊತೆಗೆ ಒಂದು ಶಿಲಾಯುಧವೂ ಸಿಗಲಿಲ್ಲ.

ಇಲ್ಲಿಯೇ ತೊಡಕು. ಗವಿಯೊಳಗೆ ಎಲುಬು ಸಿಕ್ಕಿತೆಂದ ಮಾತ್ರಕ್ಕೆ ಅಲ್ಲಿ ಮನುಷ್ಯನಿದ್ದನೆನ್ನಲಾಗದು. ಕತ್ತೆಕಿರುಬವೂ ಬೇಟೆಯನ್ನು ಎಳೆತರುತ್ತದೆ. ಮುಳ್ಳುಹಂದಿ ಎಲುಬನ್ನು ಕಡಿದು ಸಾಲುಸಾಲಾಗಿ ಗೀರುತ್ತದೆ. ಹಲ್ಲಿನ ಗುರುತು ಯಾವುದು, ಕೈಯ ಗುರುತು ಯಾವುದು? ಸಂಶಯ ದೀರ್ಘಕಾಲ ಉಳಿಯಿತು.

1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯನ್ನು ಅಗೆದರು. ಚಿಂತಮಾನು ಎಂದರೆ ಹುಣಸೆಯ ಮರ. ಗವಿಯೆಂಬುದು ಅವರಿಗೂ ನಮಗೂ ಒಂದೇ ಮಾತು. ಅಲ್ಲಿ ಎಲುಬಿನ ಉಪಕರಣಗಳೊಡನೆ ಕಲ್ಲಿನವೂ ದೊರೆತವು. ಒಂದು ಒಲೆಯ ನೆಲೆಯೂ ದೊರೆಯಿತು. ಬೆಂದ ಮಣ್ಣು ತನ್ನ ಕಾಲವನ್ನು ತಾನೇ ಹೇಳಬಲ್ಲುದು: ಬೆಂಕಿಯ ಕಾವು ಅದರ ಹಳೆಯ ಲೆಕ್ಕವನ್ನು ಅಳಿಸುತ್ತದೆ, ಅಲ್ಲಿಂದಾಚೆಗೆ ಕೂಡಿಟ್ಟ ಶಕ್ತಿಯನ್ನು, ಮತ್ತೆ ಕಾಯಿಸಿದಾಗ, ಮಣ್ಣು ಬೆಳಕಾಗಿ ಹೊರಸೂಸುತ್ತದೆ. ಆ ಬೆಳಕನ್ನು ಅಳೆದಾಗ ಒಲೆಯ ವಯಸ್ಸು 17 ಸಾವಿರ ವರ್ಷಗಳಿಗೂ ಮಿಗಿಲೆಂದು ತಿಳಿಯಿತು.

ಮುಳ್ಳುಹಂದಿ ಎಲುಬನ್ನು ಕಡಿದೀತು, ಒಲೆ ಹೂಡಲಾರದು. ಆದರೆ ಇಂಥ ಸಾಕ್ಷ್ಯವು ಕಲ್ಲಿನಷ್ಟು ಗಟ್ಟಿಯಲ್ಲ. ಚಪ್ಪಡಿಗೂ ಸಿಮೆಂಟಿಗೂ ಬೇಕಾಗುವುದು ಇದೇ ಸುಣ್ಣಕಲ್ಲು. ಒಮ್ಮೆ ಕದಡಿದ ಪದರವನ್ನು ಯಾವ ಪಂಡಿತನೂ ಮತ್ತೆ ಜೋಡಿಸಲಾರ. ಗವಿಯ ಗ್ರಂಥಕ್ಕೆ ಪ್ರತಿಯಿಲ್ಲ. ಓದುವ ಮುನ್ನ ಹಾಳೆ ಹರಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು.