ಮದುವೆ ಬ್ಯಾಂಡಿಗೂ ಹೆದರುವ ಸರ್ಕಾರ

ಕೊಟ್ಟೂರಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಒಂದು ಹಾಡು ನುಡಿಸಿದ್ದಕ್ಕೆ ಪೊಲೀಸರು ಹಿಡ್ಕೊಂಡು ಹೋದ್ರು ಅಂದ್ರೆ ನಂಬ್ತೀರಾ? 2022ರ ಸೆಪ್ಟೆಂಬರ್‌ನಲ್ಲಿ, ರಷ್ಯಾದ ಹಿಡಿತದಲ್ಲಿರುವ ಕ್ರಿಮಿಯಾದ ಬಖ್ಚಿಸರಾಯ್ ಊರಿನ ಒಂದು ಮದುವೆಯಲ್ಲಿ ಹೆಚ್ಚುಕಮ್ಮಿ ಇದೇ ಆಯ್ತು. ಉಕ್ರೇನಿನ ಹಾಡು ಹಾಕಿದ ಡಿಜೆಗೆ ಜೈಲು, ಅಲ್ಲಿದ್ದ ಇನ್ನೂ ಕೆಲವರಿಗೆ ಶಿಕ್ಷೆ.

ಕೆಂಪು ಹಣ್ಣಿನ ಕಲಿನಾ ಗಿಡದ ಹಾಡು ಅದು. 1914ರಿಂದ ಉಕ್ರೇನಿನ ಸೈನಿಕರ ಬಾಯಲ್ಲಿದೆ. ಯುದ್ಧ ಶುರುವಾದಾಗ ಆಂಡ್ರಿ ಖ್ಲಿವ್ನ್ಯುಕ್ ಎಂಬ ಗಾಯಕ ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು, ಕೀವ್‌ನ ಚೌಕದಲ್ಲಿ ನಿಂತು ಅದನ್ನು ಹಾಡಿದ. ಪಿಂಕ್ ಫ್ಲಾಯ್ಡ್ ತಂಡ ಅದೇ ದನಿಗೆ ವಾದ್ಯ ಸೇರಿಸಿತು. ಆಮೇಲೆ ಹಲವು ದೇಶಗಳ ವಿಂಡ್ ಬ್ಯಾಂಡ್‌ಗಳು ಉಕ್ರೇನಿನ ಧಾಟಿಗಳನ್ನು ನುಡಿಸಿದವು. ವಿಂಡ್ ಬ್ಯಾಂಡ್ ಅಂದ್ರೆ ಬೇರೇನಲ್ಲ, ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್. ನಮ್ಮ ಮದುವೆ ಬ್ಯಾಂಡಿನ ಸಾಮಾನೇ.

ಊದುವ ವಾದ್ಯವೇ ಯಾಕೆ? ನಾನು ಓದಿದ್ದು ಇಂಜಿನಿಯರಿಂಗ್, ಸ್ವಲ್ಪ ಸಹಿಸಿಕೊಳ್ಳಿ. ಬಯಲಲ್ಲಿ ಪಿಟೀಲಿನ ದನಿ ಬೇಗ ಕರಗುತ್ತೆ. ಟ್ರಂಪೆಟ್ಟಿನ ಅರಳಿದ ಬಾಯಿ ದನಿಯನ್ನು ಮುಂದಕ್ಕೆ ತಳ್ಳುತ್ತೆ. ಕರೆಂಟ್ ಬೇಡ, ಮೈಕ್ ಬೇಡ, ನಡೀತಾನೇ ಊದಬಹುದು. ಮುಖ್ಯವಾಗಿ, ಅದರಲ್ಲಿ ಮಾತಿಲ್ಲ. ಧಾಟಿ ಗೊತ್ತಿದ್ದವರು ಮನಸ್ಸಲ್ಲೇ ಹಾಡಿಕೊಳ್ತಾರೆ. ಅದನ್ನು ಯಾವ ಪೊಲೀಸ್ ತಡೀತಾನೆ?

ಹಾಗಾಗಿಯೇ ಆಳುವವರಿಗೆ ತಮ್ಮ ಪರ ನುಡಿಸುವವರೂ ಬೇಕು. 2022ರ ಅಕ್ಟೋಬರ್ 1ಕ್ಕೆ ಖೆರ್ಸಾನ್‌ನಲ್ಲಿ ರಷ್ಯನ್ನರು ಕಛೇರಿ ಇಟ್ಟಿದ್ದರು. ಅದರಲ್ಲಿ ಪಾಲ್ಗೊಳ್ಳಲು ಒಪ್ಪದ ವಾದ್ಯವೃಂದದ ನಿರ್ದೇಶಕ ಯೂರಿ ಕೆರ್ಪಾಟೆಂಕೊ ಅವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದರು ಎನ್ನುತ್ತದೆ ಉಕ್ರೇನ್ ಸರ್ಕಾರ.

ಅಕ್ಟೋಬರ್ 1 ನಮ್ಮ ಕಡೆಯವರಿಗೂ ಸಣ್ಣ ದಿನವಲ್ಲ. 1953ರಲ್ಲಿ ಅದೇ ದಿನ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಳ್ಳಾರಿ ಜೊತೆ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿಗಾಗಿ ಪಿಂಜಾರ್ ರಂಜಾನ್ ಸಾಬ್ ಪ್ರಾಣವನ್ನೇ ಕೊಟ್ಟರು. ಯುದ್ಧಕ್ಕೂ ಇದಕ್ಕೂ ಹೋಲಿಕೆ ಮಾಡೋದು ತಪ್ಪು, ನಾನು ಮಾಡ್ತಿಲ್ಲ. ಆದರೆ ‘ನಾವು ಯಾರು’ ಅನ್ನೋ ಪ್ರಶ್ನೆ ನಮ್ಮ ಅಜ್ಜಂದಿರಿಗೂ ಎದುರಾಗಿತ್ತು.

ಹರಪನಹಳ್ಳಿಯಲ್ಲಿ ನಾನು ಹುಡುಗನಾಗಿದ್ದಾಗ, ನವೆಂಬರ್ ಒಂದರ ಬೆಳಿಗ್ಗೆ ಬ್ಯಾಂಡಿನವರು ಹುಯಿಲಗೋಳ ನಾರಾಯಣರಾಯರ ಗೀತೆ ನುಡಿಸೋರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದು ಅದು. ಕ್ಲಾರಿನೆಟ್ ಒಂಚೂರು ಅಪಸ್ವರ ಇರ್ತಿತ್ತು. ನಮ್ಮಜ್ಜ ಕೈಲಿದ್ದ ಚಾ ಲೋಟ ಕೆಳಗಿಟ್ಟು, ಅದು ಮುಗಿಯೋವರೆಗೂ ಎದ್ದು ನಿಂತಿರೋರು.