ಗಿಡ ನೆಟ್ಟ ಮಾತ್ರಕ್ಕೆ ಕಾಡಾಗುತ್ತಾ? ಕುಸನೂರಿನಿಂದ ವರ್ಲಿಯವರೆಗೆ ಒಂದು ಹಸಿರು ಮಾತಿನ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡಿದವರಿಗೆ ಇಲ್ಲಿ ಒಂದೆರಡು ವಿವರ ಹೆಚ್ಚಿಗೆ ಸಿಗುತ್ತೆ. ನೋಡಲು ಪುರುಸೊತ್ತಿಲ್ಲದವರು ಲೋಕಲ್ ಟ್ರೇನಿನಲ್ಲಿ ಕೂತು ಇದನ್ನೇ ಓದಿದರೂ ಸಾಕು.

ಮೊದಲು ಒಂದು ಸಣ್ಣ ಕೆಲಸ. ಮನೆಯಲ್ಲಿರುವ ಕುರ್ತಿ, ದುಪಟ್ಟಾ, ನೈಟಿ ಯಾವುದಾದರೂ ತಗೊಂಡು ಒಳಗಿನ ಪಟ್ಟಿ ಓದಿ. ವಿಸ್ಕೋಸ್ ಅಂತಲೋ ರೇಯಾನ್ ಅಂತಲೋ ಬರೆದಿರಬಹುದು. ದಾದರಿನ ಹಿಂದ್‌ಮಾತಾ ಕಡೆಯೋ ಮಂಗಳದಾಸ್ ಮಾರ್ಕೆಟ್ಟಿನಲ್ಲೋ ಕೊಂಡಿದ್ದಾದರೆ ‘ಲಿವಾ’ ಅನ್ನುವ ಟ್ಯಾಗ್ ಕೂಡ ತೂಗಾಡುತ್ತಿದ್ದಿರಬಹುದು. ಮುಟ್ಟಿದರೆ ರೇಷ್ಮೆಯ ಹಾಗೆ ನುಣುಪು, ಬೆವರು ಹೀರುವುದರಲ್ಲಿ ಹತ್ತಿಯ ಹಾಗೆ. ಆದರೆ ಅದು ರೇಷ್ಮೆಯೂ ಅಲ್ಲ, ಹತ್ತಿಯೂ ಅಲ್ಲ. ಅದು ಮರ.

ಹೌದು, ಮರವೇ. ಮರವನ್ನು ಚೂರು ಮಾಡಿ, ಬೇಯಿಸಿ, ಅದರ ನಾರಿನಂಶವನ್ನು ಮಾತ್ರ ಉಳಿಸಿಕೊಂಡು ದಪ್ಪ ಕಾಗದದಂಥ ಹಾಳೆ ಮಾಡುತ್ತಾರೆ. ಇದಕ್ಕೆ ಪಲ್ಪ್ ಅನ್ನುತ್ತಾರೆ. ಆ ಹಾಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ರಾಸಾಯನಿಕ ಸೇರಿಸಿದರೆ ಜೇನಿನಂಥ ಮಂದ ದ್ರವ ಆಗುತ್ತೆ. ಸಣ್ಣ ತೂತುಗಳ ಜರಡಿಯ ಮೂಲಕ ಅದನ್ನು ಆಮ್ಲದೊಳಕ್ಕೆ ಒತ್ತಿದರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತೆ. ಶಾವಿಗೆ ಒತ್ತಿದ ಹಾಗೆ ಅಂದುಕೊಳ್ಳಿ. ಆ ಎಳೆಯೇ ವಿಸ್ಕೋಸ್.

ಅಂದಮೇಲೆ ಎರಡು ಪ್ರಶ್ನೆ ಬರಲೇಬೇಕು. ಮರ ಯಾರ ನೆಲದಿಂದ ಬಂತು? ತೊಳೆದ ನೀರು ಯಾರ ನದಿಗೆ ಹೋಯಿತು? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ವರ್ಲಿಯ ಕಚೇರಿ, ತುಂಗಭದ್ರೆಯ ದಡ

ನಮ್ಮ ದೇಶದಲ್ಲಿ ವಿಸ್ಕೋಸ್ ಅಂದರೆ ಮುಖ್ಯವಾಗಿ ಗ್ರಾಸಿಮ್, ಅಂದರೆ ಬಿರ್ಲಾ ಸಮೂಹದ ಕಂಪನಿ. 1947ರಲ್ಲಿ ಗ್ವಾಲಿಯರ್ ರೇಯಾನ್ ಎಂಬ ಹೆಸರಿನಲ್ಲಿ ಹುಟ್ಟಿ, 1986ರಲ್ಲಿ ಗ್ರಾಸಿಮ್ ಆಯಿತು. ಅದರ ಕಾರ್ಪೊರೇಟ್ ಕಚೇರಿ ಇರುವುದು ನಮ್ಮ ವರ್ಲಿಯಲ್ಲಿ, ಆದಿತ್ಯ ಬಿರ್ಲಾ ಸೆಂಟರಿನಲ್ಲಿ. ಆ ರಸ್ತೆಯಲ್ಲಿ ದಿನಾ ಓಡಾಡುವ ಕನ್ನಡಿಗರು ಎಷ್ಟೋ ಜನ. ಆದರೆ ಆ ಕಟ್ಟಡಕ್ಕೂ ನಮ್ಮ ಹಾವೇರಿ ಜಿಲ್ಲೆಯ ಹಳ್ಳಿಗಳಿಗೂ ಇರುವ ಹಳೇ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ.

ಹರಿಹರದ ಹೊಳೆ ದಾಟಿದರೆ ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಅದರ ಕೆಲಸ ರೇಯಾನಿಗೆ ಬೇಕಾದ ಪಲ್ಪ್ ತಯಾರಿಸುವುದು. ಕಾರ್ಖಾನೆಗೆ ಮರ ಬೇಕು, ಅದೂ ಲಾರಿಗಟ್ಟಲೆ, ಪ್ರತಿದಿನ. ಬೇಗ ಬೆಳೆಯುವ, ನೇರವಾಗಿ ಬೆಳೆಯುವ ಮರ. ಅಂಥ ಮರ ಅಂದರೆ ನೀಲಗಿರಿ.

ಮರ ಬೆಳೆಯೋಕೆ ಜಾಗ ಎಲ್ಲಿಂದ ತರೋದು? 1984ರಲ್ಲಿ ಅದಕ್ಕೊಂದು ದಾರಿ ಸಿಕ್ಕಿತು. ಕರ್ನಾಟಕ ಸರ್ಕಾರ ಮತ್ತು ಕಂಪನಿ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಅನ್ನುವ ಜಂಟಿ ಕಂಪನಿ ಮಾಡಿದವು. ಜನರ ಬಾಯಲ್ಲಿ ಅದು ಕೆಪಿಎಲ್. ಸರ್ಕಾರದ ಪಾಲು ನೂರಕ್ಕೆ 51, ಕಂಪನಿಯದು 49. ಉತ್ತರದ ಕಡೆಯ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 75,000 ಎಕರೆ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಮತ್ತಿತರ ಬೇಗ ಬೆಳೆಯುವ ಮರ ಬೆಳೆಸುವುದು, ಅದನ್ನು ಕಾರ್ಖಾನೆಗೆ ಕೊಡುವುದು ಯೋಜನೆ.

ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಒಳ್ಳೇದು ಇನ್ನೇನು ಬೇಕು ಅನ್ನಿಸುತ್ತೆ. ಬೀಳು ಬಿದ್ದ ನೆಲ ಹಸಿರಾಗುತ್ತೆ. ನೆಟ್ಟ ಮರ ಸಿಕ್ಕರೆ ಸಹಜ ಕಾಡಿನ ಮೇಲಿನ ಒತ್ತಡ ತಗ್ಗುತ್ತೆ. ಹಳ್ಳಿಯವರಿಗೆ ಕೂಲಿ ಸಿಗುತ್ತೆ. ಇವತ್ತು ‘ಸುಸ್ಥಿರತೆ’ ಅಂತ ಕರೆಯುವ ಮಾತಿನ ಮೂಲ ರೂಪ ಇದರಲ್ಲೇ ಇದೆ ನೋಡಿ.

‘ಬೀಳು’ ಅಂದವರು ಯಾರು?

ತೊಡಕಿದ್ದದ್ದು ಒಂದೇ ಪದದಲ್ಲಿ. ಕಡತದಲ್ಲಿ ‘ಬೀಳು’ ಅಂತ ಇದ್ದ ಆ ಜಮೀನು ಹಳ್ಳಿಯವರ ಬಾಯಲ್ಲಿ ಗೋಮಾಳ, ಗುಡ್ಡ, ಕಾವಲು. ದನ ಮೇಯುತ್ತಿದ್ದದ್ದು ಅಲ್ಲಿ. ಒಲೆಗೆ ಪುಳ್ಳೆ ಬರುತ್ತಿದ್ದದ್ದು ಅಲ್ಲಿಂದ. ಸ್ವಂತ ಹೊಲ ಇಲ್ಲದವನೂ ಎರಡು ಆಡು ಸಾಕಿ ಬದುಕಿದ್ದು ಆ ನೆಲದ ಮೇಲೆ. ಪಹಣಿಯಲ್ಲಿ ಅವರ ಹೆಸರಿಲ್ಲ, ನಿಜ. ಆದರೆ ಪಹಣಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ನೆಲ ಯಾರಿಗೂ ಬೇಡವಾದದ್ದು ಅಂತಾಗುತ್ತಾ?

ನೀಲಗಿರಿ ಸೊಪ್ಪನ್ನು ದನ ಮುಟ್ಟಲ್ಲ, ಆಡೂ ಮುಟ್ಟಲ್ಲ. ಕಾರ್ಖಾನೆಗೆ ಇದೊಂದು ಅನುಕೂಲ, ಬೇಲಿಯ ಖರ್ಚು ಕಡಿಮೆ. ಹಳ್ಳಿಗೆ ಅದೇ ನಷ್ಟ. ಒಂದೇ ಗುಣ, ಎರಡು ಲೆಕ್ಕ. ಹಸಿರು ಅಂದರೆ ಬಣ್ಣ ಮಾತ್ರ ಅಲ್ಲ, ಆ ಹಸಿರು ಯಾರ ಹೊಟ್ಟೆ ತುಂಬಿಸುತ್ತೆ ಅನ್ನೋದೂ ಮುಖ್ಯ ಅಂತ ನಾನು ಹೇಳೋದು ಇದಕ್ಕೇ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೊತ್ತಿಗಾಗಲೇ ತುಂಗಭದ್ರೆಯ ಮಾಲಿನ್ಯದ ವಿಚಾರದಲ್ಲಿ ಕಾರ್ಖಾನೆಯ ವಿರುದ್ಧ ದನಿ ಎತ್ತಿತ್ತು. ಎಸ್.ಆರ್. ಹಿರೇಮಠರು ಅದರ ಮುಂದಾಳು. ನದಿಯ ಜೊತೆಗೆ ಈಗ ನೆಲದ ಪ್ರಶ್ನೆಯೂ ಸೇರಿತು. ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. 1987ರ ಮಾರ್ಚಿನಲ್ಲಿ ಇನ್ನಷ್ಟು ಜಮೀನು ಕೊಡುವುದಕ್ಕೆ ಕೋರ್ಟು ತಡೆ ಕೊಟ್ಟಿತು.

ಅದೇ ವರ್ಷ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಮಂಗಳೂರು ಕಡೆಯ ನಮ್ಮ ವೀಕ್ಷಕರಿಗೆ ಒಂದು ಮಾತು. ನಿಮಗೆ ‘ಹಚ್ಚೋದು’ ಅಂದರೆ ದೀಪ. ಧಾರವಾಡದ ಕಡೆ ಗಿಡವನ್ನೂ ಹಚ್ಚುತ್ತಾರೆ, ಅಂದರೆ ನೆಡುತ್ತಾರೆ. ಸುಮಾರು ಎರಡು ಸಾವಿರ ಜನ ಸೇರಿದ್ದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ಹೆಂಗಸರು ಮುಂದಾಗಿ, ವಾದ್ಯದ ಜೊತೆ ಗುಡ್ಡಕ್ಕೆ ಹೋದರು. ಪೊಲೀಸರು ತಡೆದು ಬಂಧಿಸುವಷ್ಟರಲ್ಲಿ ನೂರರಷ್ಟು ನೀಲಗಿರಿ ಸಸಿ ಕಿತ್ತಾಗಿತ್ತು. ಕಿತ್ತ ಮೇಲೆ ಸುಮ್ಮನೆ ಬರಲಿಲ್ಲ. ಹಣ್ಣು ಕೊಡುವ, ಮೇವು ಕೊಡುವ ಗಿಡ ನೆಟ್ಟರು.

ಈ ಚಳವಳಿಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ‘ಗಿಡ ಬೇಡ’ ಅಂತ ಯಾರೂ ಹೇಳಲಿಲ್ಲ. ‘ಯಾವ ಗಿಡ ಅಂತ ನಮ್ಮನ್ನೂ ಕೇಳಿ’ ಅಂದರು. ಪರಿಸರದ ಟೀಕೆ ಅಂದರೆ ಬರೀ ಅಡ್ಡಗಾಲು ಅನ್ನುವವರಿಗೆ ಕುಸನೂರು ಉತ್ತರ ಕೊಟ್ಟು ಬಹಳ ವರ್ಷ ಆಯಿತು.

1988ರ ರಾಷ್ಟ್ರೀಯ ಅರಣ್ಯ ನೀತಿ ಬಂದಾಗ ಅದರಲ್ಲಿ ಎರಡು ಮಾತು ಸ್ಪಷ್ಟವಾಗಿದ್ದವು. ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ಆದಷ್ಟು ಮಟ್ಟಿಗೆ ಬೆಳೆಗಾರರ ಜೊತೆ ನೇರ ಸಂಬಂಧ ಇಟ್ಟುಕೊಂಡು ಬೆಳೆಸಿಕೊಳ್ಳಬೇಕು. ನೆಡುತೋಪಿಗಾಗಿ ಸಹಜ ಕಾಡನ್ನು ಕೈಗಾರಿಕೆಗೆ ಕೊಡುವಂತಿಲ್ಲ. ಇತ್ತ ಕೆಪಿಎಲ್ ಮುಂದುವರಿಯಲಾಗದೆ 1991ರಲ್ಲಿ ಬಾಗಿಲು ಹಾಕಿತು. ನೀಲಗಿರಿಯ ವಾದ ಅಲ್ಲಿಗೇನೂ ಮುಗಿಯಲಿಲ್ಲ. ಅಂತರ್ಜಲದ ಆತಂಕದಿಂದ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಕಡು ಹಸಿರು ಅಂಗಿ

ಈಗ ಕಥೆಯ ಎರಡನೇ ಭಾಗ. ಬಿರ್ಲಾ ಸಮೂಹ ಪಲ್ಪಿಗಾಗಿ ಹೊರದೇಶಕ್ಕೂ ಹೋಯಿತು. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಗಿರಣಿಗಳು, 2011ರಲ್ಲಿ ಸ್ವೀಡನ್ನಿನ ಡೊಮ್‌ಶೋ. ಅಲ್ಲಿ ಪ್ರಶ್ನೆ ಕೇಳಲು ಬೇರೆಯೇ ಜನ ಇದ್ದರು. ಕೆನಡಾದ ಕ್ಯಾನೊಪಿ ಎಂಬ ಸಂಸ್ಥೆ 2013ರಲ್ಲಿ ಬಟ್ಟೆ ಲೋಕದ ಮೇಲೆ ಒಂದು ಅಭಿಯಾನ ಶುರು ಮಾಡಿತು. ಅದರ ಉಪಾಯ ಸರಳ. ಗಿರಣಿಯ ಗೇಟಿನ ಮುಂದೆ ಕೂರಲಿಲ್ಲ, ಎಚ್ ಅಂಡ್ ಎಂ, ಜಾರಾ ಥರದ ದೊಡ್ಡ ಗಿರಾಕಿಗಳ ಬಾಗಿಲು ತಟ್ಟಿತು. ‘ನೀವು ಮಾರುವ ಅಂಗಿಯಲ್ಲಿ ಪುರಾತನ ಕಾಡು ಇಲ್ಲ ಅಂತ ಖಾತ್ರಿ ಕೊಡ್ತೀರಾ?’ ಅಂತ ಕೇಳಿತು. ಅವರು ನೂಲು ಮಾಡುವವರನ್ನು ಕೇಳಿದರು.

ಬಿರ್ಲಾ ಕಂಪನಿ ಉತ್ತರ ಕೊಟ್ಟಿತು ಅನ್ನೋದನ್ನ ಒಪ್ಪಬೇಕು. ಪುರಾತನ ಮತ್ತು ಅಳಿವಿನಂಚಿನ ಕಾಡುಗಳಿಂದ ಮರ ತಗೊಳ್ಳುವುದಿಲ್ಲ ಎಂಬ ಲಿಖಿತ ನೀತಿ ಪ್ರಕಟಿಸಿತು. ಹೊರಗಿನವರ ತಪಾಸಣೆಗೆ ಒಪ್ಪಿಕೊಂಡ ಮೊದಲ ಕೆಲವರಲ್ಲಿ ಅದೂ ಒಂದು. ಕ್ಯಾನೊಪಿ ಪ್ರತಿವರ್ಷ ನೂಲು ತಯಾರಕರಿಗೆ ಅಂಗಿಯ ಬಣ್ಣದಲ್ಲಿ ದರ್ಜೆ ಕೊಡುತ್ತೆ. 2020ರಲ್ಲಿ ಬಿರ್ಲಾ ಸೆಲ್ಯುಲೋಸಿಗೆ ಕಡು ಹಸಿರು ಅಂಗಿ, ಮೊದಲ ಸ್ಥಾನ.

ಆದರೆ ಆ ಅಂಗಿ ಮುಖ್ಯವಾಗಿ ಹೇಳುವುದು ಮರದ ಕಥೆ, ನದಿಯ ಕಥೆ ಅಲ್ಲ. ಚೇಂಜಿಂಗ್ ಮಾರ್ಕೆಟ್ಸ್ ಎಂಬ ಇನ್ನೊಂದು ಸಂಸ್ಥೆ 2017ರಿಂದ ವಿಸ್ಕೋಸ್ ಕಾರ್ಖಾನೆಗಳ ಸುತ್ತಲಿನ ನೀರು, ಗಾಳಿಯ ಬಗ್ಗೆ ವರದಿ ಮಾಡತೊಡಗಿತು. ಮಧ್ಯಪ್ರದೇಶದ ನಾಗ್ದಾದ ಹೆಸರೂ ಬಂತು. ಐರೋಪ್ಯ ಒಕ್ಕೂಟದ ಮಾನದಂಡಕ್ಕೆ ತಕ್ಕ ಹಾಗೆ ಕಾರ್ಖಾನೆಗಳನ್ನು ಬದಲಿಸುತ್ತೇವೆ ಅಂತ ಕಂಪನಿ ಹೇಳಿತು. ನದಿಯ ಪ್ರಶ್ನೆ ತುಂಗಭದ್ರೆಯ ದಡದಲ್ಲಿ ಎದ್ದು ಆಗ ಮೂವತ್ತು ವರ್ಷ ದಾಟಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಕುಸನೂರಿನವರಿಗೆ ಉತ್ತರ ಸಿಗಲು ಸುಪ್ರೀಂ ಕೋರ್ಟು, ಸತ್ಯಾಗ್ರಹ, ಬಂಧನ ಎಲ್ಲ ಬೇಕಾಯಿತು. ಯುರೋಪಿನ ಬಟ್ಟೆ ಅಂಗಡಿಗಳ ಪತ್ರಕ್ಕೆ ಉತ್ತರ ಕೆಲವೇ ವರ್ಷದಲ್ಲಿ ಬಂತು. ಕಾಲ ಬದಲಾಗಿತ್ತು, ನಿಜ. ಆದರೆ ಅದೊಂದೇ ಕಾರಣ ಅಲ್ಲ. ಗಿರಾಕಿ ಹೋದರೆ ವ್ಯಾಪಾರ ಹೋಗುತ್ತೆ. ಗೋಮಾಳದ ಹುಡುಗನ ಆಡು ಉಪವಾಸ ಬಿದ್ದರೆ ಯಾವ ಲೆಕ್ಕಪತ್ರದಲ್ಲೂ ಬರೋಲ್ಲ. ಈಗಿನ ಅರಣ್ಯ ನೀತಿಗಳಲ್ಲಿ ‘ಸ್ಥಳೀಯ ಸಮುದಾಯದ ಒಪ್ಪಿಗೆ’ ಅಂತ ಒಂದು ಸಾಲು ಇರುತ್ತೆ. ಅದನ್ನು ಓದಿದಾಗೆಲ್ಲ ನನಗೆ ಕುಸನೂರು ನೆನಪಾಗುತ್ತೆ. ಆ ಸಾಲು ಕಂಪನಿಗಳ ಉದಾರತನದಿಂದಷ್ಟೇ ಬಂದದ್ದಲ್ಲ. ಜಗತ್ತಿನ ಬೇರೆ ಬೇರೆ ಕಡೆ ಇಂಥ ಹಳ್ಳಿಗಳ ಜನ ಪೊಲೀಸ್ ವ್ಯಾನ್ ಹತ್ತಿದ್ದರಿಂದ ಬಂದದ್ದು.

ಹಸಿರು ಮಾತು ಓದುವುದು ಹೇಗೆ?

ಹಾಗಾದರೆ ಕಂಪನಿಗಳ ಭರವಸೆಗಳೆಲ್ಲ ಸುಳ್ಳಾ? ಅಲ್ಲ. ಭರವಸೆಯನ್ನು ಓದೋ ಕ್ರಮ ಗೊತ್ತಿರಬೇಕು. ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ.

ಒಂದು, ನೆಲಕ್ಕೆ ಮೊದಲು ಏನಂತ ಹೆಸರಿತ್ತು? ‘ಬೀಳು’, ‘ಖಾಲಿ’, ‘ನಿರುಪಯುಕ್ತ’ ಅಂತ ಓದಿದ ತಕ್ಷಣ, ಅಲ್ಲಿ ಓಡಾಡುವವರು ಆ ಜಾಗವನ್ನು ಏನಂತ ಕರೀತಾರೆ ಅಂತ ಕೇಳಿ.

ಎರಡು, ಎಷ್ಟು ಗಿಡ ಅಂತ ಹೇಳಿದ್ದಾರಾ, ಯಾವ ಗಿಡ, ಎಲ್ಲಿ, ಐದು ವರ್ಷದ ಮೇಲೆ ಎಷ್ಟು ಉಳಿದಿವೆ ಅಂತಲೂ ಹೇಳಿದ್ದಾರಾ? ಇದಕ್ಕೆ ನಾವು ಕರ್ನಾಟಕದ ತನಕ ಹೋಗಬೇಕಿಲ್ಲ. ಗೋರೆಗಾಂವ್ ಸಾಕು. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿದ ರಾತ್ರಿಯೇ ಆರೆಯಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ಮರ ಕಡಿಯೋಕೆ ಶುರು ಮಾಡಿದರು. ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ನಿಲ್ಲಿಸುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು. ಬದಲಿಗೆ ಬೇರೆಡೆ ಸಸಿ ನೆಡುತ್ತೇವೆ ಅನ್ನೋದು ಅಲ್ಲಿಯೂ ಇದ್ದ ಮಾತೇ. ಮೆಟ್ರೋ ಬೇಕು, ನಾನೂ ಹತ್ತುತ್ತೇನೆ. ಆದರೆ ಬೆಳೆದ ಮರಕ್ಕೂ ಮೊಳಕಾಲೆತ್ತರದ ಸಸಿಗೂ ಒಂದೇ ಅಂಕಿ ಹಾಕಿ ಕೂಡಿಸಿದರೆ ಅದು ಲೆಕ್ಕ ಆಗಲ್ಲ.

ಮೂರು, ಅಳೆದವರು ಯಾರು? ಕಂಪನಿಯೇ ಅಳೆದು ಕಂಪನಿಯೇ ಅಂಕ ಕೊಟ್ಟುಕೊಂಡಿದ್ದರೆ ಅದು ಜಾಹೀರಾತು. ಹೊರಗಿನವರು ಅಳೆದಿದ್ದರೆ, ಏನನ್ನು ಅಳೆದರು, ಏನನ್ನು ಬಿಟ್ಟರು ಅಂತ ನೋಡಿ. ಮರಕ್ಕೆ ಸಿಕ್ಕ ಅಂಕವನ್ನು ನೀರಿಗೆ ಅಂಟಿಸಬೇಡಿ.

ನಾಲ್ಕು, ‘ಬೇಡ’ ಅನ್ನೋಕೆ ಯಾರಿಗೆ ಅವಕಾಶ ಇತ್ತು? ಸಭೆ ಕರೆದು ಚಹಾ ಕೊಟ್ಟು ಕಳಿಸುವುದು ಒಪ್ಪಿಗೆ ಅಲ್ಲ. ಊರಿನವರು ಬೇಡ ಅಂದಿದ್ದರಿಂದ ಯೋಜನೆ ಎಲ್ಲಾದರೂ ಬದಲಾಗಿದೆಯಾ? ಬದಲಾಗಿದ್ದರೆ ಆ ವರದಿಯನ್ನು ನಾನು ಗೌರವದಿಂದ ಓದುತ್ತೇನೆ.

ಮರದಿಂದ ಬಟ್ಟೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪೆಟ್ರೋಲಿಯಂನಿಂದ ಮಾಡುವ ಪಾಲಿಯೆಸ್ಟರಿಗೆ ಹೋಲಿಸಿದರೆ ವಿಸ್ಕೋಸ್ ಮಣ್ಣಿನಲ್ಲಿ ಕರಗುವ ವಸ್ತು. ರೈತರು ತಮ್ಮ ಹೊಲದಲ್ಲಿ ತಾವೇ ಒಪ್ಪಿ ಮರ ಬೆಳೆದು ಒಳ್ಳೇ ದರಕ್ಕೆ ಮಾರಿದರೆ ಬೇಡ ಅನ್ನೋಕೆ ನಾವ್ಯಾರು? ಆದರೆ ಸಾರ್ವಜನಿಕ ನೆಲ, ಸಾರ್ವಜನಿಕ ನದಿ ಅಂತ ಬಂದಾಗ ಕಂಪನಿಯ ಒಳ್ಳೇ ಮನಸ್ಸೊಂದೇ ಸಾಲದು. ಕೇಳುವವರು ಬೇಕು, ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಕಾನೂನು ಬೇಕು.

ಹಾವೇರಿ, ರಾಣೇಬೆನ್ನೂರು, ಹಾನಗಲ್ಲ ಕಡೆಯಿಂದ ಮುಂಬೈಗೆ ಬಂದು ನೆಲೆಸಿದವರು ಈ ಚಾನೆಲ್ ನೋಡುತ್ತೀರಿ ಅಂತ ಗೊತ್ತು. ನಿಮ್ಮ ಊರಿನ ಗೋಮಾಳ ಈಗ ಹೇಗಿದೆ? ಅಲ್ಲಿ ಏನು ಬೆಳೆದಿದೆ, ದನ ಎಲ್ಲಿ ಮೇಯುತ್ತವೆ? ಊರಿಗೆ ಫೋನ್ ಮಾಡಿ ಕೇಳಿ, ನಮಗೂ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ದಾಂಡೇಲಿಯ ಕಾಗದ ಮತ್ತು ಬಿದಿರಿನ ಕಥೆ ಇಟ್ಟುಕೊಳ್ಳೋಣ.

ಅಲ್ಲಿಯವರೆಗೆ, ನಮಸ್ಕಾರ.