ಬೊಂಬೆ ಮೆಟ್ಟಿಲು ಮತ್ತು ನನ್ನ ಹೆಬ್ಬೆರಳು

“ಏನ್ರೀ, ಮತ್ತೊಂದು ಡಬ್ಬ ಬಂತಾ?”

ಬಾಗಿಲ ಮುಂದೆ ರಟ್ಟಿನ ಪೆಟ್ಟಿಗೆ ಕಂಡಾಗಲೆಲ್ಲ ನನ್ನ ಶ್ರೀಮತಿ ಕೇಳುವ ಪ್ರಶ್ನೆ ಇದು. ಮಕ್ಕಳು ಕಾಲೇಜು ಸೇರಿ ಮನೆ ಖಾಲಿಯಾದ ಮೇಲೆ ನಮ್ಮ ಸಂಘದ ಗೆಳೆಯರಲ್ಲಿ ಕೆಲವರಿಗೆ ಗಾಲ್ಫ್ ಹಿಡಿಯಿತು, ಕೆಲವರಿಗೆ ಕ್ಯಾರಿಯೋಕೆ ಹಿಡಿಯಿತು. ನನಗೆ ಹಿಡಿದದ್ದು ಮರಗೆಲಸದ ಹತಾರಗಳ ಹುಚ್ಚು. ಬೆಳಗಿನಿಂದ ಸಂಜೆಯವರೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂದು ಊರಿಗೆಲ್ಲ ಬುದ್ಧಿ ಹೇಳುವ ಎಂ.ಡಿ. ವೈದ್ಯ ನಾನು. ನನ್ನದೇ ಕಾಯಿಲೆಯ ಕಥೆಯನ್ನೂ ಅದಕ್ಕೆ ತೆತ್ತ ಶುಲ್ಕವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಗುವವರು ನಗಬಹುದು; ಆದರೆ ಗ್ಯಾರೇಜಿನಲ್ಲಿ ಗರಗಸ ಇಟ್ಟುಕೊಂಡವರು ಕೊನೆಯವರೆಗೆ ಓದಬೇಕೆಂದು ಕೋರಿಕೆ.

ಶುರುವಾದದ್ದು 2021ರಲ್ಲಿ. “ಈ ಸಲ ನವರಾತ್ರಿಗೆ ಏಳು ಮೆಟ್ಟಿಲು ಬೊಂಬೆ ಕೂರಿಸೋಣ” ಎಂದು ಶ್ರೀಮತಿ ಆಸೆಪಟ್ಟಳು. ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳು, ಪ್ರತಿ ಸಲ ಊರಿಗೆ ಹೋದಾಗ ತಂದ ಚನ್ನಪಟ್ಟಣದ ಬೊಂಬೆಗಳು, ಎಲ್ಲವನ್ನೂ ಇಪ್ಪತ್ತು ವರ್ಷಗಳಿಂದ ಸೂಟ್‌ಕೇಸುಗಳನ್ನು ಜೋಡಿಸಿ, ಮೇಲೆ ಸೀರೆ ಹೊದಿಸಿ ಕೂರಿಸುತ್ತಿದ್ದೆವು. “ಅದೇನು ಮಹಾ, ನಾನೇ ಮಾಡಿಕೊಡ್ತೀನಿ ಬಿಡು” ಎಂದುಬಿಟ್ಟೆ.

ಮೊದಲು ಕೊಂಡದ್ದು ಬ್ಯಾಟರಿ ಡ್ರಿಲ್. ಅಂಗಡಿಯಲ್ಲಿ ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಮ್ಯಾಕ್ಸ್ ಎಂದು ಬರೆದಿತ್ತು. ಹೆಚ್ಚಿರುವುದೇ ಒಳ್ಳೆಯದೆಂದು 20ರದ್ದನ್ನು ತಂದೆ. ಆಮೇಲೆ ತಿಳಿಯಿತು, ಎರಡರೊಳಗೂ ಸಾಲಾಗಿ ಇರುವುದು ಐದೇ ಲಿಥಿಯಂ ಸೆಲ್‌ಗಳು. ಪೂರ್ತಿ ಚಾರ್ಜ್ ಆದಾಗಿನ 4 ವೋಲ್ಟ್ ಲೆಕ್ಕಕ್ಕೆ 20. ಕೆಲಸ ಮಾಡುವಾಗಿನ 3.6 ವೋಲ್ಟ್ ಲೆಕ್ಕಕ್ಕೆ 18. ವಸ್ತು ಒಂದೇ, ನಾಮಕರಣ ಬೇರೆ! ಇನ್ನೊಂದು ಸಂಗತಿ: ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಡ್ರಿಲ್ಲಿಗೆ ಕೂರುವುದಿಲ್ಲ. ಹಾಗಾಗಿ ಮುಂದಿನ ಗರಗಸ, ಉಜ್ಜುವ ಯಂತ್ರ, ದೀಪ ಎಲ್ಲವನ್ನೂ ಅದೇ ಕಂಪನಿಯದ್ದೇ ಕೊಳ್ಳಬೇಕು. ನಾನು ಡ್ರಿಲ್ ಕೊಂಡೆ ಎಂದುಕೊಂಡಿದ್ದೆ. ನಿಜವಾಗಿ ಆ ಕಂಪನಿಯ ಮನೆಗೆ ಅಳಿಯನಾಗಿದ್ದೆ. ಹೊಸದಾಗಿ ಕೊಳ್ಳುವವರು ಡ್ರಿಲ್ಲಿನ ಬೆಲೆ ನೋಡುವ ಮೊದಲು ಬ್ಯಾಟರಿಯ ಬೆಲೆ ನೋಡಿ.

ಮರ ತಂದಾಗ ಇನ್ನೊಂದು ಪಾಠ. ಇಲ್ಲಿ ‘ಟೂ ಬೈ ಫೋರ್’ ಎಂದು ಮಾರುವ ಮರದ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ‘ಒನ್ ಬೈ ಟ್ವೆಲ್ವ್’ ಹಲಗೆಯ ದಪ್ಪ ಮುಕ್ಕಾಲು ಇಂಚು, ಅಗಲ ಹನ್ನೊಂದೂಕಾಲು. ಇದು ತಿಳಿಯದೆ ನಾನು ಬರೆದಿಟ್ಟ ನಕ್ಷೆಯಲ್ಲಿ ಒಂದು ಮೆಟ್ಟಿಲೂ ಇನ್ನೊಂದಕ್ಕೆ ಹೊಂದಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹತಾರ ಸಾಲದು ಎಂದೆ. ಕ್ಲಾಂಪ್‌ಗಳು ಬಂದವು, ರೌಟರ್ ಬಂತು, ಚಕ್ರದ ಸ್ಟ್ಯಾಂಡಿನ ಸಮೇತ ಟೇಬಲ್ ಸಾ ಬಂತು. ಖರ್ಚು ಸಾವಿರ ಡಾಲರ್ ದಾಟಿತು. ನವರಾತ್ರಿಯ ಪಾಡ್ಯ ಬಂದಾಗ ನನ್ನ ಬಳಿ ಹನ್ನೆರಡು ಹತಾರಗಳಿದ್ದವು, ಮೆಟ್ಟಿಲು ಒಂದೂ ಇರಲಿಲ್ಲ. ಆ ವರ್ಷ ಬೊಂಬೆಗಳು ಕುಳಿತದ್ದು ಆ ಹತಾರಗಳ ಖಾಲಿ ಡಬ್ಬಗಳ ಮೇಲೆ! ಮೇಲೆ ಮೈಸೂರು ಸಿಲ್ಕ್ ಹೊದಿಸಿದ್ದರಿಂದ ಆರತಿಗೆ ಬಂದವರಿಗೆ ಗುಟ್ಟು ತಿಳಿಯಲಿಲ್ಲ.

ಆಗ ನೆನಪಾದವರು ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯ ಆಚಾರ್ರು. ಅವರ ಗೋಣಿಚೀಲದಲ್ಲಿದ್ದದ್ದು ಒಂದು ಗರಗಸ, ಒಂದು ಹತ್ತರಿ, ಮೂರು ನಾಲ್ಕು ಉಳಿ, ಬಾಚಿ, ಬೈರಿಗೆ, ಕೊಡತಿ. ನಮ್ಮ ಮನೆಯ ಬಾಗಿಲು, ತೊಟ್ಟಿಲು, ಭತ್ತದ ಪೆಟ್ಟಿಗೆ ಎಲ್ಲವೂ ಅಷ್ಟರಲ್ಲೇ ಆದವು. ಬಂದವರು ಮೊದಲು ಜಗಲಿಯ ಮೇಲೆ ಕುಳಿತು ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಳಿ ಮಸೆಯುತ್ತಿದ್ದರು. “ಯಾವಾಗ ಶುರು ಮಾಡ್ತೀರಿ ಆಚಾರ್ರೇ?” ಎಂದು ನನ್ನ ತಂದೆ ಕೇಳಿದರೆ, “ಶುರು ಆಗೈತಲ್ಲ ಸ್ವಾಮಿ” ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ತಿಳಿಯಲು ಇನ್ನೂ ಒಂದು ವರ್ಷ, ಒಂದು ಹೆಬ್ಬೆರಳು ಬೇಕಾಯಿತು.

2022ರ ಜುಲೈ, ಒಂದು ಶನಿವಾರ. ಟೇಬಲ್ ಸಾ ಮೇಲೆ ಸಣ್ಣ ಪಟ್ಟಿಯೊಂದನ್ನು ಸೀಳುತ್ತಿದ್ದೆ. ಗುರುತಿನ ಗೆರೆ ಕಾಣದೆಂದು ಬ್ಲೇಡಿನ ಗಾರ್ಡ್ ತೆಗೆದಿಟ್ಟಿದ್ದೆ. ಮರವನ್ನು ಮುಂದಕ್ಕೆ ತಳ್ಳಲು ಕೊಟ್ಟಿದ್ದ ಪುಶ್ ಸ್ಟಿಕ್ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಸೀಳಿದ ಮರ ಬ್ಲೇಡಿನ ಹಿಂಭಾಗವನ್ನು ಅಮುಕಿದರೆ, ಅಲ್ಲಿ ಮೇಲಕ್ಕೇಳುವ ಹಲ್ಲುಗಳು ಅದನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತವೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಮರ ನನ್ನ ಹೊಟ್ಟೆಗೆ ಬಡಿಯಿತು, ಆಸರೆ ತಪ್ಪಿದ ಬಲಗೈ ಬ್ಲೇಡಿನ ಮೇಲೆ ಹೋಯಿತು.

ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತದೆ; ಅಂದರೆ ಅದರ ಅಂಚಿನ ವೇಗ ಗಂಟೆಗೆ ನೂರು ಮೈಲಿಗೂ ಮಿಗಿಲು. ಅಪಾಯ ಕಂಡು ಕೈ ಎಳೆದುಕೊಳ್ಳಲು ನಮಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ನಲವತ್ತು ಹಲ್ಲಿನ ಬ್ಲೇಡ್ ಹದಿಮೂರು ಸುತ್ತು ತಿರುಗಿ, ಐನೂರಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗಿರುತ್ತವೆ.

ಎಮರ್ಜೆನ್ಸಿಯಲ್ಲಿದ್ದ ಯುವ ವೈದ್ಯ ಕೇಳಿದ: “ಗಾರ್ಡ್ ಇರಲಿಲ್ಲವೇ?” ನನ್ನ ರೋಗಿಗಳು ಹೇಳುವಂತೆಯೇ ಹೇಳಿದೆ: “ಇತ್ತು, ಡಬ್ಬದಲ್ಲಿ.” ಪುಣ್ಯಕ್ಕೆ ಮೂಳೆ ಉಳಿದಿತ್ತು. ಅರ್ಧ ಉಗುರು, ತುದಿಯ ಮಾಂಸ ಹೋಗಿತ್ತು, ಒಂಬತ್ತು ಹೊಲಿಗೆ. ರೋಗಿಯ ಕಾಲಿನ ಊತವನ್ನು ನಾವು ಒತ್ತಿ ನೋಡುವುದು ಹೆಬ್ಬೆರಳಿನಿಂದ. ಆರು ವಾರ ಆ ಕೆಲಸವನ್ನು ಎಡಗೈಯಲ್ಲಿ ಮಾಡಿದೆ. ಇಂದಿಗೂ ಚಳಿಗಾಲದಲ್ಲಿ ತುದಿ ಮರಗಟ್ಟುತ್ತದೆ. ಅಮೆರಿಕದಲ್ಲಿ ಟೇಬಲ್ ಸಾ ಬ್ಲೇಡ್ ತಾಗಿ ಪ್ರತಿ ವರ್ಷ ಸುಮಾರು 30,000 ಮಂದಿ ಆಸ್ಪತ್ರೆಗೆ ಬರುತ್ತಾರೆಂದು ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಅವರಲ್ಲಿ ಒಬ್ಬನಾಗುವ ಅಗತ್ಯ ನನಗೇನೂ ಇರಲಿಲ್ಲ.

ಹಾಗಾದರೆ ಏನನ್ನು ಮೊದಲು ಕೊಳ್ಳಬೇಕು? ವೈದ್ಯನಾಗಿ ನನ್ನ ಚೀಟಿ ಹೀಗಿದೆ.

ಮೊದಲು ಕಣ್ಣಿಗೆ ಸುರಕ್ಷತಾ ಕನ್ನಡಕ. ಓದುವ ಕನ್ನಡಕ ಅದಕ್ಕೆ ಬದಲಲ್ಲ. ಆಮೇಲೆ ಕಿವಿಗೆ ರಕ್ಷಣೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. ಗರಗಸದ ಸದ್ದು 100 ಮುಟ್ಟಿದರೆ ಹದಿನೈದೇ ನಿಮಿಷ. ಮೂರನೆಯದು ಶ್ವಾಸಕೋಶಕ್ಕೆ ಎನ್95 ಮಾಸ್ಕ್. ಮರದ ಪುಡಿ ಮೂಗಿನ ಒಳಭಾಗದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಹಳ ಹಿಂದೆಯೇ ಹೇಳಿದೆ. ನಾಲ್ಕನೆಯದು ಪುಶ್ ಸ್ಟಿಕ್. ಎಲ್ಲ ಸೇರಿ ಒಂದು ಕುಟುಂಬದ ಹೋಟೆಲ್ ಊಟದ ಖರ್ಚೂ ಆಗದು.

ಟೇಬಲ್ ಸಾ ಕೊಳ್ಳುವುದಾದರೆ, ಬ್ಲೇಡಿನ ಹಿಂದೆ ನಿಂತು ಸೀಳು ಮುಚ್ಚದಂತೆ ತಡೆಯುವ ರೈವಿಂಗ್ ನೈಫ್ ಇರುವುದನ್ನೇ ಕೊಳ್ಳಿ, ತೆಗೆಯಬೇಡಿ. ಹಣವಿದ್ದವರು ಸಾಸ್ಟಾಪ್ ಮಾದರಿಯದ್ದನ್ನು ನೋಡಬಹುದು. ಭೌತಶಾಸ್ತ್ರ ಓದಿ ವಕೀಲರಾಗಿದ್ದ ಸ್ಟೀಫನ್ ಗ್ಯಾಸ್ 1999ರಲ್ಲಿ ಯೋಚಿಸಿದ ಉಪಾಯ ಅದು. 2004ರಲ್ಲಿ ಮಾರುಕಟ್ಟೆಗೆ ಬಂತು. ಚರ್ಮ ತಾಗಿದ್ದನ್ನು ವಿದ್ಯುತ್ತಿನಿಂದ ಅರಿತು, ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿ ನಿಲ್ಲಿಸುತ್ತದೆ. ಬ್ಲೇಡ್ ಹಾಳಾಗುತ್ತದೆ, ಬೆರಳು ಉಳಿಯುತ್ತದೆ.

ತಿರುಗುವ ಬ್ಲೇಡಿನ ಬಳಿ ಕೈಗವಸು, ಉಂಗುರ, ಜುಬ್ಬದ ಸಡಿಲ ತೋಳು ಬೇಡ. ನಿದ್ದೆ ತರಿಸುವ ಅಲರ್ಜಿ ಮಾತ್ರೆ ನುಂಗಿದ ದಿನ, ಒಂದು ಗ್ಲಾಸ್ ವೈನ್ ಕುಡಿದ ಸಂಜೆ ಯಂತ್ರ ಮುಟ್ಟಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಲ್ಲದು; ಹರಡಿ ಹೊರಗೆ ಒಣಗಿಸಿ. ದೇವರು ಕಾಪಾಡಲಿ, ಬೆರಳು ತುಂಡಾದರೆ ಗಾಯವನ್ನು ಒತ್ತಿ ಹಿಡಿದು 911ಕ್ಕೆ ಫೋನ್ ಮಾಡಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

ಇಷ್ಟಾದ ಮೇಲೆ ನಾನು ಕೊಂಡದ್ದು ಒಂದೇ ಹತಾರ: ಎಸ್ಟೇಟ್ ಸೇಲಿನಲ್ಲಿ ಇಪ್ಪತ್ತು ಡಾಲರಿಗೆ ಸಿಕ್ಕ ಹಳೆಯ ಸ್ಟ್ಯಾನ್ಲಿ ಹತ್ತರಿ, ತುಕ್ಕು ಹಿಡಿದದ್ದು. ಎರಡು ವಾರಾಂತ್ಯ ಕುಳಿತು ಮಸೆದೆ. ಬಿಳಿ ಪೈನ್ ಹಲಗೆಯಿಂದ ಕಾಗದದಷ್ಟು ತೆಳ್ಳಗಿನ ಹೆರೆ ಸುರುಳಿ ಸುರುಳಿಯಾಗಿ ಎದ್ದಾಗ ಆಚಾರ್ರ “ಶುರು ಆಗೈತಲ್ಲ” ಎಂಬ ಮಾತು ಕಿವಿಯಲ್ಲಿ ಕೇಳಿಸಿತು. ರೌಟರನ್ನು ಬೇಕಾದ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟೆ.

2023ರ ನವರಾತ್ರಿಗೆ ಏಳು ಮೆಟ್ಟಿಲೂ ಸಿದ್ಧವಾದವು. ಮೂರನೆಯದು ಸ್ವಲ್ಪ ವಾಲುತ್ತದೆ. ಅಲ್ಲಿ ಹಗುರವಾದ ಬೊಂಬೆಗಳನ್ನೇ ಇಡುತ್ತೇವೆ. ರಜೆಗೆ ಬಂದಿದ್ದ ಮಗಳು, “ಅಪ್ಪಾ, ನಿಜವಾಗ್ಲೂ ನೀನೇ ಮಾಡಿದ್ದಾ?” ಎಂದಳು. ಆಯುಧಪೂಜೆಯ ದಿನ ಹತಾರಗಳನ್ನೆಲ್ಲ ಒರೆಸಿ ಸಾಲಾಗಿಟ್ಟೆವು. ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದ ಶ್ರೀಮತಿ ಗರಗಸವನ್ನು ದಾಟಿ, ಪುಶ್ ಸ್ಟಿಕ್ಕಿಗೆ ಮೊದಲು ಕುಂಕುಮ ಇಟ್ಟಳು. ಆಮೇಲೆ ನನ್ನ ಹೆಬ್ಬೆರಳಿಗೂ ಒಂದು ಬೊಟ್ಟು ಇಟ್ಟು, “ಇದೂ ಆಯುಧವೇ ಕಣ್ರೀ, ಜೋಪಾನ” ಎಂದಳು.